ಒತ್ತಿ ಹಿಡಿದ ಕೈ

ಮಾರ್ಚ್ 11, ಮಂಗಳವಾರ

ಅಕ್ಕನ ಮೀನಖಂಡದ ಮೇಲೆ ಉಳಿದ ಆ ದುಂಡನೆಯ ಅಚ್ಚು ಕಣ್ಣಿಂದ ಹೋಗುತ್ತಿಲ್ಲ.

ಸಂಜೆ ಕೊನೆಯ ರೋಗಿ ಹೋದ ಮೇಲೆ ಕ್ಲಿನಿಕ್ಕಿಗೆ ಬಂದವಳು ಕಾಲು ಚಾಚಿ ಒಂದು ಗುಲಾಬಿ ಬಣ್ಣದ ಗುಳ್ಳೆ ತೋರಿಸಿದಳು. "ನಿನ್ನ ಭೂತಗನ್ನಡಿ ಇಟ್ಟು ನೋಡೇ, ಪುಕ್ಕಟೆ ಪೇಷಂಟು ಬಂದಿದೀನಿ." ಚರ್ಮ ಪರೀಕ್ಷಿಸುವ ಡರ್ಮೋಸ್ಕೋಪ್ ಇಟ್ಟು ನೋಡಿದೆ. ಎಲ್ಲ ತಿಳಿ ಗುಲಾಬಿ, ಕೆಟ್ಟದ್ದೇನೂ ಕಾಣಲಿಲ್ಲ. "ಏನೂ ಇಲ್ಲ ಅಕ್ಕ" ಎಂದೆ. ನಗುನಗುತ್ತಾ ಹೋದಳು.

ಮನೆಗೆ ಬಂದು ಕೈ ತೊಳೆಯುವಾಗ ಹೊಳೆಯಿತು. ಚರ್ಮದ ಮೇಲೆ ಅಚ್ಚು ಮೂಡುವಷ್ಟು ಒತ್ತಿಬಿಟ್ಟಿದ್ದೆ. ಹಾಗೆ ಒತ್ತಿದರೆ ರಕ್ತನಾಳಗಳು ಬಿಳಿಚಿ ಮರೆಯಾಗುತ್ತವೆ. ಕಪ್ಪಗಾಗದೆ ಗುಲಾಬಿಯಾಗಿಯೇ ಉಳಿಯುವ ಚರ್ಮದ ಕ್ಯಾನ್ಸರ್ ಸುಳಿವು ಕೊಡುವುದೇ ಆ ನಾಳಗಳಲ್ಲಿ. ಹಗುರವಾಗಿ ಇಡಿ ಎಂದು ದಿನಾ ವಿದ್ಯಾರ್ಥಿಗಳನ್ನು ಗದರುವವಳು ನಾನು. ಬೇರೆ ಯಾರ ಕಾಲಾಗಿದ್ದರೂ ಹೀಗೆ ಒತ್ತುತ್ತಿರಲಿಲ್ಲ. ಕಾಣದಿರಲಿ ಎಂದು ಕೈಯೇ ಒತ್ತಿತೇ?

ಫೋನ್ ಮಾಡಿದೆ. "ಬೆಳಿಗ್ಗೆ ಇನ್ನೊಂದ್ಸಲ ಬಾ ಅಕ್ಕ. ಲೈಟ್ ಸರಿ ಇರ್ಲಿಲ್ಲ."

ನನ್ನ ಸುಳ್ಳು ಅವಳ ಹತ್ತಿರ ಎಂದೂ ನಡೆದಿಲ್ಲ. ಈಗ ಬೈಯುತ್ತಾಳೆ, ನೂರು ಪ್ರಶ್ನೆ ಕೇಳುತ್ತಾಳೆ ಎಂದು ಕಾದೆ. ಬೈದಿದ್ದರೆ ಜೀವ ಬರುತ್ತಿತ್ತು. ಅವಳು ಮೆತ್ತಗೆ ಒಂದೇ ಮಾತು ಕೇಳಿದಳು:

"ಎಷ್ಟೊತ್ತಿಗೆ ಬರ್ಲಿ?"