ಹಸುವಿನ ಹಿಂಗಾಲು

ಅಮ್ಮ,

ಮೊಸರನ್ನ ಕಲಸಿಟ್ಟಿದೀನಿ, ತಿನ್ನು. ಕಿಟಕಿಯಲ್ಲಿ ಬಣ್ಣ ಹಚ್ಚಿ ಒಣಗಕ್ಕೆ ಇಟ್ಟಿರೋ ಅವರೆಕಾಳು ನಾಟಕದ್ದು, ಹುಳಿಗೆ ಹಾಕಿಬಿಡಬೇಡ. ನಾಟಕದಲ್ಲಿ ಹುಡುಗ ಹಸು ಮಾರಿ ತರೋ ಕಾಳು ಅದೇ.

ನಾನು ಕ್ಲಬ್ಬಿಗೆ ಹೋಗಿದೀನಿ, ಆಕಾಶಕ್ಕೆ ಹೋಗೋ ಬಳ್ಳಿ ಕಟ್ಟಬೇಕು. ಹುಡುಗನ ತಾಯಿ ಪಾರ್ಟು ಈ ಸಲ ಪಂಕಜತ್ತೆಗೆ. ಅಪ್ಪ ನಿನ್ನ ಗಂಟಲಿಗೆ ಅಂತ ಬರೆದ ಹಾಡುಗಳನ್ನ ಎಳೆದೆಳೆದು ಹಾಡ್ತಾರೆ. ಕೇಳಿಸ್ಕೊಂಡೆ, ಏನೂ ಅನ್ನಿಸಲಿಲ್ಲ. ಅಪ್ಪ ಹೋದಮೇಲೆ ನನಗೆ ಯಾವುದೂ ಏನೂ ಅನ್ನಿಸ್ತಿಲ್ಲ.

ವರ್ಷ ತುಂಬೋವರೆಗೆ ನೀನು ನಾಲ್ಕು ಜನದ ಕಣ್ಣಿಗೆ ಬೀಳಬಾರದು ಅಂತ ಮದ್ದೂರಿಂದ ಬಂದು ಹೇಳಿದ್ದೂ ಅದೇ ಅತ್ತೆ. ಸರಿ, ಬೀಳಬೇಡ. ನಾಟಕದ ಹಸುವಿನ ಹೊದಿಕೆ ಒಳಗೆ ನಿಲ್ಲೋ ಇಬ್ಬರು ಯಾರು ಅಂತ ಯಾರಿಗೂ ಕಾಣಲ್ಲ. ಇಷ್ಟು ವರ್ಷ ಅಪ್ಪ ಮುಂಗಾಲು, ನಾನು ಹಿಂಗಾಲು. ಈಗ ಮುಂದೆ ನಾನು ನಿಲ್ತೀನಿ. ಹಿಂದಕ್ಕೆ ಯಾರೂ ಇಲ್ಲ, ನೀನು ಬಾ.

ಇವತ್ತು ಸಂಜೆ ಐದು ಗಂಟೆಗೆ ನಿಂಗಯ್ಯನ ಜಟಕಾ ಹಿತ್ತಲ ಬಾಗಿಲಿಗೆ ಬರುತ್ತೆ. ಅತ್ತೆ ಅಷ್ಟೊತ್ತಿಗೆ ಮುಖಕ್ಕೆ ಬಣ್ಣ ಹಚ್ಚಿಸ್ಕೋತಾ ಕೂತಿರ್ತಾರೆ, ನಿನ್ನ ಕೇಳೋರು ಯಾರೂ ಇರಲ್ಲ. ಸೀರೆ ಎತ್ತಿ ಕಟ್ಟಿಕೊ.

ಹೊದಿಕೆ ಒಳಗೆ ಕತ್ತಲೆ, ದಾರಿ ಕಾಣಲ್ಲ. ಅಪ್ಪ ಸೊಂಟಕ್ಕೆ ಕೆಂಪಂಚಿನ ಟವಲ್ಲು ಬಿಗಿದಿರ್ತಿದ್ರು. ನಾನು ಅದನ್ನ ಹಿಡ್ಕೊಂಡು ಅವರು ಹೋದ ಕಡೆ ಹೋಗ್ತಿದ್ದೆ, ಅಷ್ಟೆ. ಆ ಟವಲ್ಲು ನಿನ್ನೆ ಹೊದಿಕೆಯೊಳಗೇ ಸಿಕ್ತು. ಅವರು ಹಾಕಿದ ಗಂಟು ಹಾಗೇ ಇದೆ. ನಾನು ಬಿಚ್ಚದೆ ಹಾಕ್ಕೊಂಡಿರ್ತೀನಿ.

ನನಗೆ ಅದು ಸಡಿಲ. ನೀನು ಬಿಗಿಯಾಗಿ ಹಿಡ್ಕೋ.

ಶ್ರೀಮತಿ