ಎಡಗಾಲಿನ ಫೈಲ್

ಮೇ 19, ಸೋಮವಾರ

ಮತ್ತೆ ಅದೇ ರಗಳೆ. ಶೂ ಡಿಸೈನ್ ಸಾಫ್ಟ್‌ವೇರಿನ ಹಳೇ ವರ್ಷನ್ ತೆರೆದರೆ 'ಫೈಲ್ ಸಿಗುತ್ತಿಲ್ಲ'. ಓಕೆ ಒತ್ತಿದರೆ ಇನ್ನೊಂದು ಫೈಲ್ ಸಿಗುತ್ತಿಲ್ಲ. ಶನಿವಾರ ಹೊಸ ವರ್ಷನ್ ಹಾಕಿದೆ, ಅವತ್ತಿನಿಂದ ಹಳೆಯದು ಮುನಿಸಿಕೊಂಡು ಕೂತಿದೆ. ಹೊಸದನ್ನು ಕಿತ್ತೆಸೆಯುವಂತಿಲ್ಲ — ಪಾದ ಅಳೆಯುವ ಹೊಸ ಸ್ಕ್ಯಾನರ್‌ಗೆ ಅದೇ ಬೇಕು. ಹಳೆಯದನ್ನು ಬಿಡುವಂತಿಲ್ಲ — ಶೂ ಅಚ್ಚು ಕೊರೆಯುವ ಮಷೀನಿಗೆ ಹಳೇ ಫೈಲೇ ಆಗಬೇಕು. ನಡುವೆ ನಾನು.

ವರ್ಕ್‌ಶಾಪಿನ ಯಜಮಾನರು ಎರಡು ಸಲ ಬಂದು ಬೆನ್ನ ಹಿಂದೆ ನಿಂತು ಹೋದರು. ಬೈದಿದ್ದರೇ ವಾಸಿಯಿತ್ತು.

ಮನೆಗೆ ಬಂದರೆ ತರಲೆ ಮೆಟ್ಟಿಲ ಮೇಲೆ ಕೂತು ಹೆಬ್ಬೆರಳು ತಿಕ್ಕಿಕೊಳ್ಳುತ್ತಿದ್ದಳು. ಅಕ್ಕನ ಮಗಳು, ಎಂಟು ವರ್ಷ, ಬಾಯಿ ಮಾತ್ರ ಎಂಬತ್ತರದು. ಹಳೇ ಶೂ ಚಿಕ್ಕದಾಗಿ ಕಚ್ಚುತ್ತಿದೆ. ಜೂನ್ ಎರಡಕ್ಕೆ ಹೊಸ ಸ್ಕೂಲು. ಅಂಗಡಿಯ ಶೂ ಆಗುವುದಿಲ್ಲ — ಹುಟ್ಟಿದಾಗಿನಿಂದ ಎಡಗಾಲು ಗಿಡ್ಡ, ಆ ಪಾದವೂ ಚಿಕ್ಕದು. ಎಡಕ್ಕೆ ದಪ್ಪ ಅಟ್ಟೆ ಇಲ್ಲದಿದ್ದರೆ ಬೆನ್ನು ಸೊಟ್ಟಗಾಗುತ್ತದೆ ಎಂದು ಡಾಕ್ಟರು ಹೆದರಿಸಿಟ್ಟಿದ್ದಾರೆ. ಇಂಥ ಶೂ ಮಾಡುವುದೇ ನಮ್ಮ ವರ್ಕ್‌ಶಾಪಿನ ಕೆಲಸ. ಡಿಸೈನ್ ಮಾಡುವವನು ಸಾಕ್ಷಾತ್ ಮಾಮ. ಕಂಪ್ಯೂಟರ್ ಒಂದು ಮನಸ್ಸು ಮಾಡಬೇಕಲ್ಲ...

ಮೇ 20, ಮಂಗಳವಾರ, ಬೆಳಿಗ್ಗೆ 11

ಸಪೋರ್ಟಿನವನಿಗೆ ಫೋನ್. ಅವನಿಗೆ ನಾವಿಟ್ಟ ಹೆಸರು ರೀಸ್ಟಾರ್ಟಪ್ಪ. ರೀಸ್ಟಾರ್ಟ್ ಮಾಡಿದ್ರಾ ಎಂದ. ಮಾಡಿದೆ ಎಂದೆ. ಇನ್ನೊಂದು ಸಲ ಮಾಡಿ ಎಂದ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ತಡೆಯಲಾರದೆ ಹೊಸ ವರ್ಷನ್ ಅನ್‌ಇನ್‌ಸ್ಟಾಲ್ ಮಾಡಿದೆ. ಹೋಗುವ ಮಹಾರಾಯ ಸುಮ್ಮನೆ ಹೋದನೇ? ಹಳೆಯದರ ಇನ್ನಷ್ಟು ಫೈಲ್ ಗಂಟು ಕಟ್ಟಿಕೊಂಡು ಹೋದ. ಈಗ ಅದೂ ಇಲ್ಲ, ಇದೂ ಇಲ್ಲ. ಭೇಷ್.

ಮೇ 22, ಗುರುವಾರ

ಗೊತ್ತಾಯಿತು. ಎರಡನ್ನೂ ಒಂದೇ ಫೋಲ್ಡರಿನಲ್ಲಿ ಸಂಸಾರಕ್ಕೆ ಕೂರಿಸಿದ್ದೆ. ಕೇಳಿದ್ದಕ್ಕೆಲ್ಲ 'ನೆಕ್ಸ್ಟ್', 'ನೆಕ್ಸ್ಟ್' ಒತ್ತಿದ್ದರ ಫಲ. ರೀಸ್ಟಾರ್ಟಪ್ಪ ಇವತ್ತು ಮನುಷ್ಯನ ಹಾಗೆ ಮಾತಾಡಿದ — ಉಳಿದ ಫೋಲ್ಡರನ್ನು ಕಾಪಿ ಮಾಡಿ ಪಕ್ಕಕ್ಕಿಡಿ, ಎರಡರದ್ದೂ ಉಳಿದದ್ದೆಲ್ಲ ತೆಗೆಯಿರಿ, ಮೊದಲು ಹಳೆಯದು ಹಾಕಿ, ಆಮೇಲೆ ಹೊಸದು, ಬೇರೆ ಬೇರೆ ಫೋಲ್ಡರ್.

ಸಂಜೆ 5 — ಎರಡೂ ತೆರೆದವು! ಕುರ್ಚಿಯಲ್ಲೇ ಕುಣಿದೆ. ಯಜಮಾನರೂ ನಕ್ಕರು. ಎಲ್ಲಕ್ಕಿಂತ ಮೊದಲು ತರಲೆಯ ಫೈಲ್ ತೆರೆದೆ. ಇನ್ನೂ ಯಾವುದೋ ಫೈಲ್ ಇಲ್ಲ, ಮುಂದುವರಿಸಲೇ ಎಂದು ಕೇಳಿತು. ಅದರ ಗೋಳು ಇದ್ದದ್ದೇ. ಮುಂದುವರಿಸಿದೆ. ಬಲಪಾದ ಕಂಡದ್ದೇ ತಡ, ಜೋಡಿಯನ್ನೇ ಮಷೀನಿಗೆ ಕಳಿಸಿದೆ. ಶೂ ಹೊಲಿಯುವ ಮೇಸ್ತ್ರಿಗೆ ನಂಬರ್ ಚೀಟಿ ಹೋಯಿತು. ನಮ್ಮಲ್ಲಿ ಹೆಸರು ಬರೆಯುವುದಿಲ್ಲ. ಯಾರ ಕಾಲು ಹೇಗಿದೆ ಎಂದು ಹತ್ತು ಜನರ ಬಾಯಿಗೆ ಬೀಳಬಾರದು ಎಂದು ಯಜಮಾನರ ಕಟ್ಟುನಿಟ್ಟು.

ಹಾಯೆನಿಸುತ್ತಿದೆ. ಆದರೂ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಕಾಫಿ ಜಾಸ್ತಿಯಾಯಿತೇನೋ.

ಮೇ 28, ಬುಧವಾರ

ಹೇಗೆ ಬರೆಯಲಿ.

ಮೇಸ್ತ್ರಿ ಕಟ್ಟಿಟ್ಟಿದ್ದ ಡಬ್ಬವನ್ನು ಹಾಗೇ ಮನೆಗೆ ತಂದೆ. ಬಿಚ್ಚುವ ಗೌರವ ತರಲೆಗೇ ಇರಲಿ ಎಂದು. ಬಿಚ್ಚಿದಳು. ಕೆಂಪು ಶೂ, ಅವಳೇ ಆರಿಸಿದ ಬಣ್ಣ. ಎರಡೂ ಒಂದೇ ಅಳತೆ. ಎರಡಕ್ಕೂ ತೆಳು ಅಟ್ಟೆ.

ಅವಳು ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದಳು. ಬಗ್ಗಿ ನೋಡಿದಳು. ವಟವಟ ಎನ್ನುವ ಹುಡುಗಿ ಪಿಸುಗುಟ್ಟಿದಳು —

"ಮಾಮ, ನನ್ನ ಕಾಲು ಬೆಳೀತಾ?"

ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಅಷ್ಟರಲ್ಲಿ ತರಲೆ ಎಡದ ಶೂಗೆ ಕಾಲ್ಚೀಲ ತುರುಕಿ, ಹಾಕಿಕೊಂಡು, ಕನ್ನಡಿ ಮುಂದೆ ಹೋಗಿ ನಿಂತಿದ್ದಳು. ಒಂದು ಕಡೆ ವಾಲಿಕೊಂಡು. ಮುಖವೆಲ್ಲ ನಗು. ಪಕ್ಕದ ಮನೆಗೂ ಓಡಿ ತೋರಿಸಿ ಬಂದಳು.

ಮೇ 29, ಗುರುವಾರ

ಎಡಗಾಲಿನ ಫೈಲ್ ಪಕ್ಕಕ್ಕಿಟ್ಟ ಫೋಲ್ಡರಿನಲ್ಲೇ ಉಳಿದಿತ್ತು. ಅದು ಸಿಗದೆ ಸಾಫ್ಟ್‌ವೇರ್ ಬಲಗಾಲನ್ನೇ ತಿರುಗಿಸಿ ಎಡಕ್ಕೆ ಅಂಟಿಸಿದೆ. ಎರಡು ಕಾಲೂ ಸರಿಯಿರುವವರಿಗೆ ಮಾಡಿದ ಏರ್ಪಾಡು ಅದು. ಕೇಳಿಯೂ ಇತ್ತು. ಓದುವ ವ್ಯವಧಾನ ನನಗೆಲ್ಲಿ?

ಫೈಲ್ ಜಾಗಕ್ಕೆ ಸೇರಿಸಿ, ಎರಡೂ ಪಾದ ನೋಡಿ, ಮತ್ತೆ ನೋಡಿ, ಕಳಿಸಿದೆ. ಮೇಸ್ತ್ರಿಗೆ ಈ ಸಲ ಯಾರ ಕಾಲೆಂದು ಹೇಳಿಬಿಟ್ಟೆ. ನಿಯಮ ಹಾಳಾಗಿಹೋಗಲಿ. ಅವರು ಕೈಲಿದ್ದ ಕೆಲಸ ಪಕ್ಕಕ್ಕಿಟ್ಟು ಭಾನುವಾರ ಬಾ ಎಂದರು.

ಮನೆಯಲ್ಲಿ ಅಕ್ಕನ ಜೊತೆ ಜಗಳ. ಶೂ ಬಚ್ಚಿಟ್ಟು ಕಳೆದುಹೋಯಿತು ಎಂದುಬಿಡೋಣ ಎಂದೆ. ಬೆಂಕಿಯಾದಳು.

"ಅವಳಿಗೆ ಸುಳ್ಳು ಹೇಳ್ಬೇಡ ಕಣೋ. ಆಸೆ ಹುಟ್ಟಿಸಿದವನು ನೀನು, ನೀನೇ ಹೇಳು. ನನ್ನ ಕೈಲಾಗಲ್ಲ."

ಒಳಗೆ ಹೋಗಿ ಅತ್ತಳು. ನನಗೂ ಅಳು ಬಂತು. ನನ್ನ ಮೇಲೆ ನನಗೇ ಅಸಹ್ಯ.

ಜೂನ್ 1, ಭಾನುವಾರ, ಸಂಜೆ

ಹೇಳಿದೆ. ಕಾಲು ಬೆಳೆದಿಲ್ಲ, ಮಾಮ ತಪ್ಪು ಮಾಡಿದ ಎಂದು. ಹೊಸ ಡಬ್ಬ ಮುಂದಿಟ್ಟೆ. ದಪ್ಪ ಅಟ್ಟೆ ನೋಡಿದ್ದೇ ಒದ್ದಳು. ನನ್ನ ಕೈ ಕಚ್ಚಿದಳು, ಗುರುತು ಇನ್ನೂ ಇದೆ. ಗೋಡೆಗೆ ಮುಖ ಮಾಡಿ ಮಲಗಿದಳು. ಪಕ್ಕದಲ್ಲೇ ಕೂತೆ. ಎದ್ದು ಹೋಗೋಣ ಎನಿಸಿತು, ಹತ್ತು ಸಲ. ಹೋಗಲಿಲ್ಲ.

ಬಹಳ ಹೊತ್ತಾದ ಮೇಲೆ ತಾನೇ ಎದ್ದು ಸರಿಯಾದ ಜೋಡಿ ಹಾಕಿಕೊಂಡಳು. ರೂಮಿನ ಆ ತುದಿಗೆ ಹೋಗಿ ಬಂದಳು. ನೆಟ್ಟಗೆ ನಡೆದಳು. ಕಚ್ಚುತ್ತಾ ಎಂದು ಕೇಳಿದೆ, ಇಲ್ಲ ಎಂದು ತಲೆಯಾಡಿಸಿದಳು. ಅಷ್ಟೇ. ಬಚಾವಾದೆ ಎಂದುಕೊಂಡು ತಪ್ಪು ಜೋಡಿ ಎತ್ತಿಕೊಳ್ಳಲು ಹೋದೆ. ಕೈ ಅಡ್ಡ ಹಿಡಿದಳು.

"ಅದು ಇರ್ಲಿ ಮಾಮ. ಅದ್ರಲ್ಲಿ ನಡೆಯಲ್ಲ. ಕೂತಿರುವಾಗ ಮಾತ್ರ ಹಾಕ್ಕೋತೀನಿ."

ಈಗ ಹಾಕಿಕೊಂಡಿದ್ದಾಳೆ. ಎದುರಿನ ಕುರ್ಚಿಯಲ್ಲಿ ಕೂತು, ಕಾಲೆರಡೂ ಮುಂದೆ ಚಾಚಿ, ನೋಡಿಕೊಳ್ಳುತ್ತಿದ್ದಾಳೆ. ಅಕ್ಕ ಊಟಕ್ಕೆ ಕರೆಯುತ್ತಿದ್ದಾಳೆ. ಎದ್ದರೆ ಬಿಚ್ಚಬೇಕು. ಕೇಳಿಸದವಳ ಹಾಗೆ ಕೂತಿದ್ದಾಳೆ. ನಾನೂ ಕೇಳಿಸದವನ ಹಾಗೆ —