ತೆರೆಗೋಡೆಗೆ ಕಾಣದ ಬೆಂಚು

ಫೆಬ್ರವರಿ ೩೦, ೨೧೬೮

ಕಚೇರಿಗಳಲ್ಲಿ ಮೊದಲ ಕ್ಯಾಮರಾ ಹಾಕಿಸುತ್ತಿರುವ ಹಿರಿಯರಿಗೆ,

ತಾರೀಖು ತಪ್ಪಲ್ಲ. ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ಜನ ದನಿಯೆತ್ತಿದರು, ಸರ್ಕಾರ ಒಪ್ಪಿತು. ನಮ್ಮ ಕಾಲದಲ್ಲಿ ಸರ್ಕಾರ ಬೇಗ ಒಪ್ಪುತ್ತದೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ, ಬಿಡಿಸಿ ಹೇಳುತ್ತೇನೆ.

ನಾನು ತಾಲೂಕು ಕಚೇರಿಯಲ್ಲಿ ಮರುನುಡಿಗಾರ್ತಿ. ನಮ್ಮ ಕಚೇರಿಗೆ ಬೀದಿಯ ಕಡೆ ಇಟ್ಟಿಗೆಯ ಗೋಡೆಯಿಲ್ಲ, ತೆರೆಗೋಡೆಯಿದೆ. ಒಳಗಿನ ಪ್ರತಿ ಮೇಜು, ಪ್ರತಿ ಕಡತ, ಪ್ರತಿ ಮಾತು ಅದರ ಮೂಲಕ ಎಲ್ಲರ ಮನೆಗೂ ತಲುಪುತ್ತದೆ. ನೋಡುವವರು ಮನೆಯಿಂದಲೇ ಬರೆದದ್ದು ಅದರ ಮೇಲೆ ಮೂಡುತ್ತದೆ. ಅದಕ್ಕೆ ಒಳ್ಳೆಯ ಕನ್ನಡದಲ್ಲಿ ಉತ್ತರಿಸುವುದು ನನ್ನ ಕೆಲಸ. ಸಾಹಿತ್ಯ ಓದಿದವರಿಗೆ ಈಗ ಸಿಗುವ ನೌಕರಿ ಇದೇ. ಉತ್ತರದ ಕೆಳಗೆ 'ಕಚೇರಿ' ಎಂದಿರುತ್ತದೆ, ನನ್ನ ಹೆಸರಿರುವುದಿಲ್ಲ.

ಇದರಿಂದ ಒಳ್ಳೆಯದೂ ಆಗಿದೆ. ಲಂಚದ ಬಗ್ಗೆ ನಾನು ಪಾಠದಲ್ಲಷ್ಟೇ ಓದಿದ್ದೇನೆ. ಕಡತ ಒಂದು ಮೇಜಿನಲ್ಲಿ ನಿಂತರೆ ಊರೇ ಕೇಳುತ್ತದೆ. ಆದರೆ ನಾನು ಆಕಳಿಸಿದರೂ ಕೇಳುತ್ತದೆ: "ನಿದ್ದಿ ಆಗಿಲ್ಲೇನವಾ? ನಮ್ಮ ತೆರಿಗಿ ರೊಕ್ಕದಾಗ ಹಾಸಿಗಿ ಕೊಡಸೂಣೇನು?" ಹಾಗಾಗಿ ಒಳಗೆ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ಪಕ್ಕದ ಮೇಜಿನ ಬಸವಂತಪ್ಪನವರ ಹೆಂಡತಿ ತೀರಿಕೊಂಡದ್ದು ನನಗೆ ತಿಳಿದದ್ದು ತೆರೆಗೋಡೆಯ ಮೇಲೆ ಮೂಡಿದ ಸಂತಾಪಗಳಿಂದ. ಅವುಗಳಿಗೂ ನಾನೇ ಬರೆದೆ: 'ನಿಮ್ಮ ಕಾಳಜಿಗೆ ಕಚೇರಿ ಆಭಾರಿ.' ಅವರು ಕೈಗೆಟುಕುವಷ್ಟು ಹತ್ತಿರ ಕೂತಿದ್ದರು.

ಕಳೆದ ವಾರ ದ್ಯಾಮವ್ವ ಎಂಬ ಮುದುಕಿ ಬಂದಳು. ಈಗ ಯಾರೂ ಖುದ್ದಾಗಿ ಬರುವುದಿಲ್ಲವಾದ್ದರಿಂದ ತೆರೆಗೋಡೆ ತುಂಬಿಹೋಯಿತು. "ಯಾಕ ಬಂದೀಬೇ ಮುದುಕಿ?" "ಬಾಯಿ ಬಿಡಬೇ, ಇಡೀ ತಾಲೂಕು ಕಾಯಾಕತ್ತೈತಿ!" ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟೇಬಿಟ್ಟಳು.

ಕುರ್ಚಿ ಬಿಟ್ಟು ನಾನೂ ಹಿಂದೆ ಹೋದೆ. ಕಚೇರಿಯ ಬೇವಿನ ಮರದ ಹಿಂದೆ, ತೆರೆಗೋಡೆಯ ಕಣ್ಣು ತಲುಪದ ಕಡೆ, ಅವಳು ನಿಂತು ಹೇಳಿದಳು: "ಮಗಳು ಗಂಡನ ಹೊಡತ ತಾಳಲಾರದ ಓಡಿಬಂದಾಳ ತಂಗೀ. ಸರ್ಕಾರದ್ದೊಂದು ಖೋಲಿ ಕೊಡಸು. ಅವಗ ಮಾತ್ರ ಗೊತ್ತಾಗಬಾರದು."

ಖೋಲಿಗಳು ಖಾಲಿ ಇವೆ. ಆದರೆ ಹೆಸರು, ವಿಳಾಸ ಸಮೇತ ಅರ್ಜಿಯನ್ನು ತೆರೆಗೋಡೆಯ ಮುಂದೆ ಓದದೆ ಅವು ಮಂಜೂರಾಗುವುದಿಲ್ಲ. ಆ ಗಂಡನೂ ನೋಡುತ್ತಿರುತ್ತಾನೆ. 'ಯಾವುದನ್ನೂ ಮುಚ್ಚಿಡತಕ್ಕದ್ದಲ್ಲ' ಎಂಬುದು ನಿಯಮ. ಲಂಚಕ್ಕೆ ಬೇಸತ್ತು ನೀವು ಬರೆದದ್ದು. ಅದನ್ನು ವಿವರಿಸಿದೆ. "ಹಂಗಾರ ನೀ ಯಾಕ ಕುಂತೀಯವಾ ಅಲ್ಲಿ?" ಎಂದಳು. ಬೈಯಲಿಲ್ಲ, ನಿಜಕ್ಕೂ ಕೇಳಿದಳು. ಆ ಸಂಜೆ ನಾನೇ ಹೋಗಿ ಅವಳ ಮಗಳನ್ನು ಕರೆತಂದೆ.

ಮಗಳು ಈಗ ನನ್ನ ಕೋಣೆಯಲ್ಲಿದ್ದಾಳೆ. ಬಾಗಿಲ ಸದ್ದಾದರೆ ಇಬ್ಬರೂ ಬೆಚ್ಚುತ್ತೇವೆ. "ಅಜ್ಜಿ ಏನಂದ್ಲು?" ಎಂಬ ಪ್ರಶ್ನೆ ತೆರೆಗೋಡೆಯ ಮೇಲೆ ಇನ್ನೂ ಹಾಗೇ ಇದೆ. ನಾನು ಉತ್ತರಿಸದೆ ಬಿಟ್ಟ ಮೊದಲ ಪ್ರಶ್ನೆ ಅದು. ಈ ಕೋಣೆಗೂ ತೆರೆಗೋಡೆ ಬೇಕೆಂದು ಯಾರಾದರೂ ಕೇಳುವ ದಿನ ದೂರವಿಲ್ಲ.

ಕ್ಯಾಮರಾ ಹಾಕಿಸಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ಕಾಣದ ಜಾಗದಲ್ಲಿ ಒಂದು ಬೆಂಚು ಇಡಿ. ಅಲ್ಲಿ ಕೂತು ಪಿಸುಗುಟ್ಟಿದ್ದೂ ಅರ್ಜಿಯೇ ಎಂದು ನಿಯಮದಲ್ಲಿ ಒಂದು ಸಾಲು ಸೇರಿಸಿ. ಆ ಬೇವಿನ ಮರ ನಿಮ್ಮ ಕಾಲದಲ್ಲಿ ಇನ್ನೂ ಸಸಿಯಾಗಿದ್ದರೆ ನೀರು ಹಾಕಿ.

ಈ ಪತ್ರದ ಕೆಳಗೆ ಯಾರೂ ಏನೂ ಬರೆಯಲಾರರು, ನೀವೂ ಕೂಡ. ಅದಕ್ಕೇ ಹೆಸರು ಹಾಕುವ ಧೈರ್ಯ ಬಂದಿದೆ. ನೀವು ಉತ್ತರಿಸಬೇಕಾಗಿಲ್ಲ. ನಾಳೆ ಕೆಲಸಕ್ಕೆ ಹೋದಾಗ ಬೇವಿನ ಮರದ ಹಿಂದೆ ಬೆಂಚು ಇದೆಯೇ ಎಂದು ನೋಡುತ್ತೇನೆ.

ನೀಲಗಂಗಾ